ಒಲೆಗೂ ಕೋಣೆಗೂ ನಡುವೆ

ಯೋನ್‌ಸಿಲ್‌ಗೆ ಊರು ಇರಲಿಲ್ಲ.

ಹುಟ್ಟಿದ ಜಾಗ ಇತ್ತು, ಬೆಳೆದದ್ದೂ ಅಲ್ಲೇ. ಸೋಕ್ಚೊ ಬಂದರಿನ ಎದುರಿಗೆ, ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಮಲಗಿದ್ದ ಒಂದು ಮರಳ ದಿಣ್ಣೆ. ಅದರ ಮೇಲೆ ಒಂದಕ್ಕೊಂದು ಆತು ನಿಂತ ಹಲಗೆ ಮನೆಗಳು. ಜನ ಅದನ್ನು ಅಬಾಯಿ ಹಳ್ಳಿ ಅನ್ನುತ್ತಿದ್ದರು. ಉತ್ತರದ ಹಮ್‌ಗ್ಯೋಂಗ್ ಪ್ರಾಂತದ ಮಾತಿನಲ್ಲಿ ಅಬಾಯಿ ಅಂದರೆ ಮುದುಕ. ಯುದ್ಧದಲ್ಲಿ ಉತ್ತರದಿಂದ ಓಡಿ ಬಂದವರು, ನಾಲ್ಕು ದಿನದಲ್ಲಿ ವಾಪಸು ಹೋಗುತ್ತೇವೆ ಎಂದುಕೊಂಡು ಅಲ್ಲಿ ಗಂಟು ಇಳಿಸಿದವರು, ಆ ನಾಲ್ಕು ದಿನ ಮುಗಿಯುವುದರೊಳಗೆ ಮುದುಕರಾಗಿದ್ದರು. ಅಲ್ಲಿ ಹುಟ್ಟಿದ ಮಕ್ಕಳು ಯಾರಾದರೂ ಊರು ಕೇಳಿದರೆ ಆ ದಿಣ್ಣೆಯ ಹೆಸರು ಹೇಳುವ ಹಾಗಿರಲಿಲ್ಲ. ಊರು ಅಂದರೆ ಅಪ್ಪನ ಊರು, ಅಪ್ಪನ ಅಪ್ಪನ ಊರು. ಯೋನ್‌ಸಿಲ್ ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದಳು: ಹಮ್‌ಗ್ಯೋಂಗ್ ಪ್ರಾಂತ, ಬುಕ್‌ಚೋಂಗ್ ಜಿಲ್ಲೆ, ದೋಲ್ಗೋಲ್ ಹಳ್ಳಿ. ಗಡಿಯ ಮುಳ್ಳುತಂತಿಯ ಆಚೆ ಬದಿ. ಹೋಗಿ ನೋಡಿಬರಲು ಯಾರಿಗೂ ಆಗದ ಊರು.

ಅಂಥ ಊರಿನಿಂದ ಒಂದು ದಿನ ತನಗೆ ಲಾಭವಾದೀತು ಎಂದು ಅವಳು ಎಣಿಸಿರಲಿಲ್ಲ.

ಅವಳಿಗೆ ಇಪ್ಪತ್ತೊಂದು ವರ್ಷ. ಸಿಯೋಲ್‌ನ ಪ್ಯೋ ಮೇಡಂ ಅವರ ಬ್ಯೂಟಿ ಪಾರ್ಲರಿನಲ್ಲಿ ಎರಡು ವರ್ಷದಿಂದ ಗಿರಾಕಿಗಳ ತಲೆ ತೊಳೆಯುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಕುರ್ಚಿಗಳ ನಡುವೆ ನಡೆಯುವುದನ್ನು ಕಲಿಯುತ್ತಿದ್ದಳು. ದೇಶದ ಸೌಂದರ್ಯ ಸ್ಪರ್ಧೆಗೆ ಸುಂದರಿಯರು ಪ್ರಾಂತಗಳಿಂದ ಬರುತ್ತಾರೆ ಎಂದು ಟಿವಿಯಲ್ಲಿ ಹೇಳುತ್ತಿದ್ದರೂ ಅವರು ಬರುತ್ತಿದ್ದದ್ದು ಇಂಥ ನಾಲ್ಕೈದು ಪಾರ್ಲರುಗಳಿಂದ. ಅದು ಎಲ್ಲರಿಗೂ ಗೊತ್ತಿತ್ತು. ಗೆದ್ದವಳು ಕಿರೀಟ ಹೊತ್ತು ಅಳುತ್ತಾ ಅಪ್ಪ ಅಮ್ಮನಿಗಿಂತ ಮೊದಲು ಪಾರ್ಲರಿನ ಮೇಡಂಗೆ ಕೃತಜ್ಞತೆ ಹೇಳುತ್ತಿದ್ದಳು.

ಹಿಂದಿನ ವರ್ಷ, ಒಲಿಂಪಿಕ್ಸ್ ನಡೆದ ವರ್ಷ, ಯೋನ್‌ಸಿಲ್ ಗಾಂಗ್‌ವೊನ್ ಪ್ರಾಂತದ ಆಯ್ಕೆಗೆ ನಿಂತು ಎರಡನೆಯವಳಾಗಿದ್ದಳು. ಗಾಂಗ್‌ವೊನ್ ಸುಂದರಿ ಎಂದು ಗೆದ್ದವಳು ಸಿಯೋಲ್‌ನ ಒಬ್ಬ ದಂತವೈದ್ಯರ ಮಗಳು. ಆ ಪ್ರಾಂತದ ಸಮುದ್ರವನ್ನು ಶಾಲೆಯ ಪ್ರವಾಸದಲ್ಲಿ ಒಂದು ಸಲ ನೋಡಿದ್ದಳಂತೆ. ತಾನು ಆ ಸಮುದ್ರದ ದಡದಲ್ಲೇ ಹುಟ್ಟಿದವಳು ಎಂದು ಯೋನ್‌ಸಿಲ್ ಮುಖ ಊದಿಸಿಕೊಂಡಾಗ ಮೇಡಂ ಬಾಚಣಿಗೆಯಿಂದ ಕೂದಲು ಕೀಳುತ್ತಾ ಹೇಳಿದ್ದರು:

"ಸಿಯೋಲ್‌ನಲ್ಲಿ ಚೆಂದದ ಹುಡುಗೀರು ರಾಶಿ ಬಿದ್ದಿದ್ದಾರೆ, ಸೀಟು ಮೂರೇ ಮೂರು. ಮಿಕ್ಕೋರು ಏನ್ಮಾಡ್ಬೇಕು? ಬಸ್ ಹತ್ತುತ್ತಾರೆ, ಇಳಿದ ಕಡೆಯವರಾಗ್ತಾರೆ. ನೀನೂ ಎಲ್ಲಾದ್ರೂ ಇಳಿ, ಯಾರು ಬೇಡ ಅಂದ್ರು?"

ಮೇಡಂ ಒಂದು ಹುಡುಗಿಗೆ ಎರಡು ಸಲಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿರಲಿಲ್ಲ. ಎರಡನೆಯ ಸಲವೂ ವೇದಿಕೆ ಸಿಗದಿದ್ದರೆ ಯೋನ್‌ಸಿಲ್ ಸೋಕ್ಚೊಗೆ ಮರಳಿ, ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೊಂಡಾಸ್ ಮೀನಿನ ಹೊಟ್ಟೆ ಸೀಳಬೇಕಿತ್ತು. ಕಿರೀಟ ಸಿಗುತ್ತದೆ ಎಂಬ ಭ್ರಮೆ ಅವಳಿಗಿರಲಿಲ್ಲ. ಆದರೆ ಅಂತಿಮ ಸ್ಪರ್ಧೆಯ ವೇದಿಕೆಯ ಮೇಲೆ ಒಂದು ಸಲ ನಿಂತವಳನ್ನು, ಸೋತರೂ, ವಿಮಾನದವರು ಕರೆಯುತ್ತಾರೆ, ಟಿವಿಯವರು ಕರೆಯುತ್ತಾರೆ. ಅಷ್ಟು ಸಾಕಿತ್ತು. ಬೊಂಡಾಸ್ ವಾಸನೆ ಉಗುರಿನ ಸಂದಿಯಿಂದ ಹೋಗಲು ಎಂಟು ತಿಂಗಳು ಹಿಡಿದಿತ್ತು. ಮತ್ತೆ ಅದನ್ನು ಹತ್ತಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಏಪ್ರಿಲ್‌ನಲ್ಲಿ ಮೇಡಂ ಒಂದು ಸುದ್ದಿ ತಂದರು. ಆ ಸ್ಪರ್ಧೆಯಲ್ಲಿ ಉತ್ತರದಿಂದ ಓಡಿ ಬಂದವರ ಪ್ರಾಂತಗಳಿಗೂ ಒಂದು ಸೀಟು ಇತ್ತು. ಆ ವರ್ಷ ಅದು ಹಮ್‌ಗ್ಯೋಂಗ್‌ನ ಬುಕ್‌ಚೋಂಗ್ ಜಿಲ್ಲೆಯವರ ಪಾಳಿ. ಅವರು ಆರಿಸಿದ್ದ ಹುಡುಗಿಗೆ ಇದ್ದಕ್ಕಿದ್ದಂತೆ ಮದುವೆ ಗೊತ್ತಾಗಿತ್ತು. ಬದಲಿಗೆ ಬುಸಾನ್‌ನ ಇನ್ನೊಬ್ಬಳು ಸರದಿಯಲ್ಲಿದ್ದಳು, ಆದರೆ ಹಿರಿಯರಿಗೆ ಅವಳ ಎತ್ತರ ಸಾಲದು.

"ನಿನ್ನ ಅಜ್ಜಿ ಎಲ್ಲಿಯವರು ಅಂದಿದ್ದೆ?" ಎಂದರು ಮೇಡಂ. ಯೋನ್‌ಸಿಲ್ ಮಗ್ಗಿ ಒಪ್ಪಿಸಿದಳು. ಮೇಡಂ ಮೊದಲ ಸಲ ಅವಳ ತಲೆಯನ್ನು ಬಾಚಣಿಗೆಯಿಲ್ಲದೆ ಸವರಿದರು.

ಬುಕ್‌ಚೋಂಗ್ ಸಂಘದ ಕಚೇರಿ ಒಂದು ಬ್ಯಾಂಕಿನ ಮೇಲಿನ ಮೂರನೇ ಮಹಡಿಯಲ್ಲಿತ್ತು. ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಅದರ ಕೆಳಗೆ ಆರು ಜನ ಮುದುಕರು. ನಡುವೆ ಕೂತವರು ಜಿಲ್ಲಾಧಿಕಾರಿ. ಸರ್ಕಾರ ಅವರನ್ನು ಸರಿಯಾಗಿಯೇ ನೇಮಿಸಿತ್ತು, ಮೇಜು ಕುರ್ಚಿ ಕೊಟ್ಟಿತ್ತು. ಜಿಲ್ಲೆಯೊಂದು ಮಾತ್ರ ಕೈಲಿರಲಿಲ್ಲ. ಅವರ ಪಕ್ಕದಲ್ಲಿ, ಸ್ವಲ್ಪ ದೂರಕ್ಕೆ, ಗಿಲ್‌ನ್ಯೋ ಎಂಬ ಮುದುಕಿ ಸೇಬಿನ ಸಿಪ್ಪೆ ಸುಲಿಯುತ್ತಾ ಕೂತಿದ್ದಳು. ನಗರದಲ್ಲಿ ಹೆಸರಾದ ತಣ್ಣನೆ ಶಾವಿಗೆಯ ಹೋಟೆಲು ಅವಳದು. ಸಂಘದ ಖರ್ಚಿನ ಮುಕ್ಕಾಲು ಪಾಲು ಅವಳೇ ಕೊಡುತ್ತಿದ್ದಳು. ಹಾಗಾಗಿ ಹೆಂಗಸಾದರೂ ಆ ಕೋಣೆಯಲ್ಲಿ ಅವಳಿಗೊಂದು ಕುರ್ಚಿಯಿತ್ತು. ಪ್ರತಿ ಹೋಳನ್ನೂ ಹಂಚುತ್ತಾ, ಇದನ್ನೂ ಸೇಬು ಅಂತಾರೆ ನೋಡ್ರಿ ಎಂದು ತನ್ನ ಜಿಲ್ಲೆಯ ಸೇಬನ್ನು ನೆನೆದು ಮೂಗು ಮುರಿಯುತ್ತಿದ್ದಳು.

ಸೊಂಟದ ಅಳತೆ ಕೇಳುತ್ತಾರೆ ಎಂದು ಯೋನ್‌ಸಿಲ್ ಸಿದ್ಧವಾಗಿ ಹೋಗಿದ್ದಳು. ಅವರು ಕೇಳಿದ್ದು ಬೇರೆಯೇ. ದೋಲ್ಗೋಲ್‌ಗೆ ಹೋಗುವಾಗ ಹಳ್ಳ ಎಷ್ಟು ಸಲ ದಾಟಬೇಕು? ಶಾಲೆಯ ಮುಂದೆ ಏನಿತ್ತು? ಹುಣ್ಣಿಮೆಯ ಸಿಂಹದ ಕುಣಿತ ಯಾರ ಅಂಗಳದಿಂದ ಶುರುವಾಗುತ್ತಿತ್ತು?

ಮೇಡಂ ಅವಳಿಗೆ ಎರಡು ವರ್ಷ ಸಿಯೋಲ್‌ನ ನಾಜೂಕು ಮಾತು ಕಲಿಸಿದ್ದರು. ಮುದುಕರ ಮುಂದೆ ಅದು ತಾನಾಗಿ ಕಳಚಿಬಿತ್ತು.

"ಸಾಲಿ ಮುಂದ ಎರಡು ಪಾಪ್ಲರ್ ಗಿಡ ಇದ್ದೂವಂತ್ರಿ. ಒಂದಕ್ಕ ಸಿಡ್ಲು ಬಡದಿತ್ತು. ಇನ್ನೊಂದಕ್ಕ ನಮ್ಮ ಮನ್ಯಾನ ಹೋರಿ ಕಟ್ಟತಿದ್ರು. ಅದು ಮಾಸ್ತರ ಟೊಪಗಿ ತಿಂದಿತ್ತಂತ."

ಒಬ್ಬ ಮುದುಕ ತೊಡೆ ತಟ್ಟಿ ನಕ್ಕ. ತಾನು ಪಕ್ಕದ ಹಳ್ಳಿಯವನು, ಆ ಟೋಪಿಯ ಕಥೆ ತನಗೂ ಗೊತ್ತು ಅಂದ. ಇನ್ನೊಬ್ಬ, ಸಿಡಿಲು ಬಡಿದದ್ದು ಎಡಗಡೆಯ ಮರಕ್ಕೆ ಅಂದ. ಮೊದಲಿನವನು ಬಲಗಡೆಯದಕ್ಕೆ ಅಂದ. ಇಬ್ಬರೂ ಎದ್ದು ನಕ್ಷೆಯ ಹತ್ತಿರ ಹೋಗಿ, ಮರಗಳಿರಲಿ ಶಾಲೆಯನ್ನೂ ಗುರುತಿಸದ ಆ ನಕ್ಷೆಯ ಮೇಲೆ ಬೆರಳಿಟ್ಟು ಜಗಳ ಕಾದರು. ಯೋನ್‌ಸಿಲ್‌ಗೆ ತನ್ನ ಬಗ್ಗೆಯೇ ಆಶ್ಚರ್ಯವಾಯಿತು. ಕಾಣದ ಊರಿನ ದಾರಿಗಳಲ್ಲಿ ಅವಳ ಬಾಯಿ ಎಡವದೆ ಓಡಾಡುತ್ತಿತ್ತು. ಅಜ್ಜಿ ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಳು.

ಆಗ ಗಿಲ್‌ನ್ಯೋ ಚಾಕು ಕೆಳಗಿಟ್ಟಳು.

"ಚಳಿಗಾಲದಾಗ ನಿಮ್ಮ ಅಜ್ಜಿ ಎಲ್ಲಿ ಮಲಗತಿದ್ಲಂತ?"

ಅದೂ ಯೋನ್‌ಸಿಲ್‌ಗೆ ಗೊತ್ತಿತ್ತು. ಒಲೆಯ ಹಿಂದಿನ ಕೋಣೆಯಲ್ಲಿ, ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ. ಬೆಳಗಿನ ಜಾವದವರೆಗೂ ಆ ಗೋಡೆ ಬೆಚ್ಚಗಿರುತ್ತಿತ್ತಂತೆ. ಜ್ವರ ಬಂದಾಗಲೆಲ್ಲ ಅಜ್ಜಿ ಆ ಗೋಡೆಯ ಸುದ್ದಿ ಹೇಳುತ್ತಿದ್ದಳು.

"ಗ್ವಾಡಿ," ಎಂದಳು ಗಿಲ್‌ನ್ಯೋ. ಮತ್ತೇನೂ ಕೇಳಲಿಲ್ಲ.

ಗಂಡಸರು ಯಾರೂ ತಲೆ ಎತ್ತಲಿಲ್ಲ. ಅವರಿನ್ನೂ ಸಿಡಿಲಿನಲ್ಲೇ ಇದ್ದರು. ಜಿಲ್ಲಾಧಿಕಾರಿ ಮೇಜು ಕುಟ್ಟಿ, ಹುಡುಗಿ ನಮ್ಮವಳೇ ಎಂದು ತೀರ್ಮಾನ ಹೇಳಿದರು. ಪದ್ಧತಿಯಂತೆ ಮನೆಯ ಹಿರಿಯ ಹೆಂಗಸು ಬಂದು ತನ್ನ ಕೈಯಾರೆ ರೇಷ್ಮೆ ಪಟ್ಟಿ ತೊಡಿಸಬೇಕು. ಭುಜದಿಂದ ಸೊಂಟಕ್ಕೆ ಇಳಿಬೀಳುವ ಬಿಳಿ ಪಟ್ಟಿ, ಅದರ ಮೇಲೆ ಜಿಲ್ಲೆಯ ಹೆಸರು. ಬರುವ ಭಾನುವಾರ ಅಜ್ಜಿಯನ್ನು ಕರೆತರಬೇಕು. ಬರದಿದ್ದರೆ ಪಟ್ಟಿ ಬುಸಾನ್ ಹುಡುಗಿಗೆ.

ಗಿಲ್‌ನ್ಯೋ ಮೆಟ್ಟಿಲವರೆಗೂ ಬಂದಳು. ಕೈಯಲ್ಲಿ ಒಂದು ಸೇಬಿತ್ತು, ಅದನ್ನು ಯೋನ್‌ಸಿಲ್‌ಳ ಚೀಲಕ್ಕೆ ತುರುಕಿದಳು.

"ನಿಮ್ಮ ಅಜ್ಜಿ ಹೇಳಿದ ಊರಾಗ ಹೋರಿ ಐತಿ, ಸಾಲಿ ಐತಿ, ಸಿಂಹದ ಕುಣತ ಐತಿ. ಗಂಡಸರು ಅಡ್ಡಾಡೂ ಜಾಗ ಎಲ್ಲಾ ಐತಿ. ಒಲಿ ಎಲ್ಲೈತಿ ಮಗಳ?"

"ಹೇಳಿದ್ನಲ್ರಿ, ಗ್ವಾಡಿ ಹಿಂದ..."

"ನಮ್ಮ ಕಡೆ ಮನ್ಯಾಗ ಒಲಿಗೂ ಮಲಗೂ ಕೋಣಿಗೂ ನಡುವ ಗ್ವಾಡಿ ಇರೂದಿಲ್ಲ. ಬಡವರ ಮನ್ಯಾಗೂ ಇಲ್ಲ, ಸಾವ್ಕಾರ್ರ ಮನ್ಯಾಗೂ ಇಲ್ಲ. ಈ ಮುದುಕರಿಗೆ ನಾ ಹೇಳೂದಿಲ್ಲ. ಐತವಾರ ನಿಮ್ಮ ಅಜ್ಜಿ ಬರ್ಲಿ. ನಾ ಅಕಿನ್ನ ಒಂದ ಮಾತು ಕೇಳತೇನಿ."

ಸೋಕ್ಚೊಗೆ ಹೋಗುವ ಬಸ್ಸಿನಲ್ಲಿ ಯೋನ್‌ಸಿಲ್ ಆ ಸೇಬನ್ನು ತಿನ್ನದೆ ಹಿಡಿದುಕೊಂಡು ಕೂತಿದ್ದಳು. ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ಕುತೂಹಲ ಹತ್ತಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಆ ಗೋಡೆ ಬಿಡುತ್ತಿರಲಿಲ್ಲ.

ಬಂದರಿನಿಂದ ದಿಣ್ಣೆಗೆ ದಾಟಲು ಒಂದು ಚಪ್ಪಟೆ ತೆಪ್ಪ. ಈ ದಡದಿಂದ ಆ ದಡಕ್ಕೆ ಬಿಗಿದ ಉಕ್ಕಿನ ಹಗ್ಗವನ್ನು ಹತ್ತಿದವರೇ ಕೊಕ್ಕೆಯಿಂದ ಎಳೆಯಬೇಕು. ಕೊಕ್ಕೆ ಎಳೆಯುತ್ತಾ ಅವಳು ತನ್ನ ಹಳ್ಳಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಜಾಂಗ್ ಅಬಾಯಿಯ ಮನೆ ಮೊದಲು ಕಾಣುತ್ತಿತ್ತು. ಅವನು ಪಕ್ಕದ ಮನೆಯ ಮುದುಕ, ಒಂಟಿ, ಹೆಂಡತಿ ಮಗಳು ಗಡಿಯ ಆಚೆಯೇ ಉಳಿದಿದ್ದರು. ಬಲೆ ಹೆಣೆಯುತ್ತಾ ಸಂಜೆಗಳನ್ನು ಅಜ್ಜಿಯ ಅಂಗಳದಲ್ಲಿ ಕಳೆಯುತ್ತಿದ್ದ. ಅವನ ಗುಡಿಸಲಲ್ಲಿ ಒಲೆ, ಹಾಸಿಗೆ ಎಲ್ಲ ಒಂದೇ ಕಡೆ. ನಡುವೆ ಗೋಡೆ ಇಲ್ಲ. ಪಾಪ, ಅಬಾಯಿಗೆ ಹಲಗೆ ಸಾಲಲಿಲ್ಲ ಎಂದು ಚಿಕ್ಕಂದಿನಲ್ಲಿ ಯೋನ್‌ಸಿಲ್ ಅಂದುಕೊಂಡಿದ್ದಳು. ಒಂದು ಸಲ ಬಂದರಿನಲ್ಲಿ ಬಿದ್ದಿದ್ದ ಹಲಗೆಯೊಂದನ್ನು ಎತ್ತಿ ತಂದು ಕೊಟ್ಟಿದ್ದಳು ಕೂಡ. ಅವನು ಅದನ್ನು ಒಲೆಗೆ ಹಾಕಿದ್ದ.

ಪಕ್ಕದಲ್ಲಿ ಅಜ್ಜಿಯ ಮನೆ. ಒಳಗೆ ಗಟ್ಟಿ ಗೋಡೆ. ಕೆಳಗೆ ಕಲ್ಲಿನ ಅಡಿಪಾಯ. ಆ ಅಡಿಪಾಯ ಹಳ್ಳಿಯ ಹಳೇ ತಮಾಷೆ. ನಾಳೆ ಹೋಗುವವರು ಎಂದು ಉಳಿದವರೆಲ್ಲ ಮರಳಿನ ಮೇಲೆ ಪೆಟ್ಟಿಗೆಯ ಹಲಗೆ ನಿಲ್ಲಿಸಿ ತಗಡು ಹೊದಿಸುತ್ತಿದ್ದಾಗ, ಅಜ್ಜಿ ಒಬ್ಬಳೇ ಬೆನ್ನಿಗೆ ಕೂಸು ಕಟ್ಟಿಕೊಂಡು ಹೊಳೆಯಿಂದ ಕಲ್ಲು ಹೊತ್ತಿದ್ದಳಂತೆ. ಹೆಂಗಸೇ, ಹೋಗುವಾಗ ಆ ಕಲ್ಲನ್ನೂ ಹೊತ್ತುಕೊಂಡು ಹೋಗುತ್ತೀಯಾ ಎಂದು ಗಂಡಸರು ಕೇಳಿದ್ದರಂತೆ. ಬೆನ್ನ ಮೇಲಿದ್ದ ಆ ಕೂಸು ಯೋನ್‌ಸಿಲ್‌ಳ ಅಪ್ಪ. ಅವಳು ಮೂರು ವರ್ಷದವಳಿದ್ದಾಗ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನು ಹೋದ, ಅವನ ತಾಯಿ ಹಾಕಿದ ಕಲ್ಲು ಹಾಗೇ ಇತ್ತು.

ವಾಪಸು ಹೋಗುವವರು ಯಾರಾದರೂ ಅಡಿಪಾಯ ಹಾಕುತ್ತಾರೆಯೇ?

ಅಜ್ಜಿ ಹಗ್ಗದ ಮೇಲೆ ಬೊಂಡಾಸ್ ಒಣಹಾಕುತ್ತಿದ್ದಳು. ಯೋನ್‌ಸಿಲ್ ಆಯ್ಕೆಯಾದ ಸುದ್ದಿ ಹೇಳಿದಳು. ಅಜ್ಜಿ ಹಿಗ್ಗಿದಳು. ಭಾನುವಾರ ಬಂದು ಪಟ್ಟಿ ತೊಡಿಸಬೇಕು ಎಂದಾಗ ಹಿಗ್ಗು ಇಳಿಯಿತು. ಮೊಣಕಾಲು ನೋವು, ಅಂದಳು. ಮೀನು ಯಾರು ನೋಡಿಕೊಳ್ಳುತ್ತಾರೆ, ಅಂದಳು. ಬಸ್ಸಿನಲ್ಲಿ ತನಗೆ ವಾಂತಿಯಾಗುತ್ತದೆ, ಅಂದಳು. ಇದೂ ಹಳೆಯದೇ: ಹಳ್ಳಿಯ ಮುದುಕರೆಲ್ಲ ಹಬ್ಬಕ್ಕೆ ಗಡಿಯ ಹತ್ತಿರ ಹೋಗಿ ಉತ್ತರಕ್ಕೆ ಎಡೆಯಿಟ್ಟು ಅಡ್ಡಬೀಳುವಾಗ ಅಜ್ಜಿಗೆ ಪ್ರತಿ ವರ್ಷ ಮೊಣಕಾಲು ನೋಯುತ್ತಿತ್ತು.

"ಅಜ್ಜಿ, ನಮ್ಮ ಮನ್ಯಾಗ ಒಲಿಗೂ ಕೋಣಿಗೂ ನಡುವ ಗ್ವಾಡಿ ಯಾಕೈತಿ?"

ಅಜ್ಜಿ ಕೈಯಲ್ಲಿದ್ದ ಮೀನನ್ನು ತೂಗುಹಾಕಿ, ಇನ್ನೊಂದನ್ನು ಎತ್ತಿಕೊಂಡಳು.

"ಹೊಗಿ ಬರಬಾರ್ದಂತ."

"ಬುಕ್‌ಚೋಂಗ್ ಮನ್ಯಾಗ ಇರೂದಿಲ್ಲಂತ."

ಅಜ್ಜಿ ಎರಡನೆಯದನ್ನೂ ತೂಗುಹಾಕಿದಳು. ಆಮೇಲೆ ಕೆಳಗೆ ಕೂತಳು. ತುಂಬ ಹೊತ್ತು ಯೋನ್‌ಸಿಲ್ ಏನನ್ನೂ ಕೇಳಬೇಕಾಗಲಿಲ್ಲ. ಅಜ್ಜಿ ಅಳಲಿಲ್ಲ, ನಿಲ್ಲಲೂ ಇಲ್ಲ. ಮೀನು ಸೀಳುವಷ್ಟೇ ಚುರುಕಾಗಿ ಹೇಳಿ ಮುಗಿಸಿದಳು.

ಅವಳು ಬುಕ್‌ಚೋಂಗ್ ನೋಡಿಯೇ ಇರಲಿಲ್ಲ. ಅವಳ ಊರು ಯಾಂಗ್‌ಯಾಂಗ್‌ನ ಆಚೆ, ಹೊಳೆ ದಾಟಿ ಬೆಟ್ಟದ ಬುಡದಲ್ಲಿ. ದಿಣ್ಣೆಯಿಂದ ಬಸ್ಸಿನಲ್ಲಿ ಒಂದು ಗಂಟೆ. ಯುದ್ಧಕ್ಕೆ ಮುಂಚೆ ಆ ಕಡೆಯೂ ಕೆಂಪು ಬಾವುಟದ ಕೈಲಿತ್ತು. ಗಂಡ ಹಳ್ಳಿಯ ಸಮಿತಿಯಲ್ಲಿದ್ದ. ದಕ್ಷಿಣದ ಸೇನೆ ತಿರುಗಿ ಬಂದಾಗ ಅವನು ಉತ್ತರಕ್ಕೆ ಓಡಿದ. ಇವಳು ಕೂಸಿನ ಜೊತೆ ಉಳಿದಳು. ಅಂಥವರ ಮನೆಯ ಹೆಂಗಸರನ್ನು ರಾತ್ರಿ ಬಂದು ಕರೆದೊಯ್ಯುತ್ತಿದ್ದರು. ಅಂಥವರ ಮಕ್ಕಳಿಗೆ ಮುಂದೆ ಕೆಲಸವಿಲ್ಲ, ಹಡಗು ಹತ್ತಲು ಕಾಗದವಿಲ್ಲ. ಅವಳು ಕೂಸನ್ನು ಕಟ್ಟಿಕೊಂಡು ನಡೆದಳು. ಮರಳ ದಿಣ್ಣೆಯಲ್ಲಿ ಎಲ್ಲರೂ ಅಪರಿಚಿತರು, ಎಲ್ಲರ ಕಾಗದವೂ ಸುಟ್ಟುಹೋಗಿತ್ತು. ಇಬ್ಬರು ಸಾಕ್ಷಿ ಹೇಳಿದರೆ ಸರ್ಕಾರ ಹೊಸ ಊರು ಬರೆದುಕೊಡುತ್ತಿತ್ತು. ಜಾಂಗ್ ಅಬಾಯಿ, ಆಗಿನ್ನೂ ಅಬಾಯಿ ಆಗಿರದವನು, ಸಾಕ್ಷಿ ಹೇಳಿದ. ಕೊಡಲು ಬೇರೆ ಊರಿಲ್ಲದೆ ತನ್ನ ಊರನ್ನೇ ಕೊಟ್ಟ. ಇನ್ನೊಬ್ಬ ಸಾಕ್ಷಿ ಯಾವತ್ತೋ ಸತ್ತಿದ್ದ.

ಆಮೇಲೆ ದಿನಾ ಸಂಜೆ ಬಲೆ ಹೆಣೆಯುತ್ತಾ ಜಾಂಗ್ ಅವಳಿಗೆ ದೋಲ್ಗೋಲ್ ಹೇಳಿಕೊಟ್ಟ. ಯಾರಾದರೂ ಕೇಳಿದರೆ ಬೇಕಾಗುತ್ತದೆ ಎಂದು ಶುರುವಾದದ್ದು. ನಿಲ್ಲಿಸಲು ಅವನಿಗೇ ಆಗಲಿಲ್ಲ. ಶಾಲೆ, ಹೋರಿ, ಪಾಪ್ಲರ್ ಮರ, ಮಾಸ್ತರರ ಟೋಪಿ ಎಲ್ಲ ಅವನದು. ಆ ಕಡೆಯ ಮಾತೂ ಅವನದೇ.

"ಹಂಗಾರ ನಿಂದು ಯಾವ್ದು?"

"ಗ್ವಾಡಿ," ಎಂದಳು ಅಜ್ಜಿ. "ಅದೊಂದ ಮರ್ತು ಹೇಳಿಬಿಟ್ಟೆ."

ಬಸ್ಸಿನ ವಾಂತಿಯ ಗುಟ್ಟೂ ಹೊರಬಿತ್ತು. ದಕ್ಷಿಣಕ್ಕೆ ಹೋಗುವಾಗ ಅಜ್ಜಿ ಯಾವಾಗಲೂ ಎಡಗಡೆ, ಸಮುದ್ರದ ಬದಿಗೆ ಕೂರುತ್ತಿದ್ದಳು. ಬೆಟ್ಟ ಕಂಡರೆ ತಲೆಸುತ್ತು ಅನ್ನುತ್ತಿದ್ದಳು. ಬೆಟ್ಟದ ಬದಿಯಲ್ಲಿ ಅವಳ ಊರಿತ್ತು. ಹೋಗಬೇಕೆಂದು ಅಳುವವರಿಗೆ ದಾರಿಯಿರಲಿಲ್ಲ. ದಾರಿಯಿದ್ದ ಇವಳು ಮುಖ ತಿರುಗಿಸಿ ಕೂರುತ್ತಿದ್ದಳು.

ಜಾಂಗ್ ಅಬಾಯಿಯನ್ನು ಕರೆಸಿದರು. ಅವನು ವಿಷಯ ಕೇಳಿ ತಲೆ ಕೆರೆದುಕೊಂಡ. ಗೋಡೆ ಇಲ್ಲ ಎಂದು ತಾನು ಹೇಳಿರಲಿಲ್ಲವೇ ಎಂದ. ಇಲ್ಲ ಎಂದಳು ಅಜ್ಜಿ.

"ಇಲ್ಲದ್ದನ್ನ ಯಾರರ ಹೇಳತಾರೇನ? ಹೋರಿ ಇತ್ತು, ಹೇಳಿದೆ. ಗ್ವಾಡಿ ಇದ್ದಿದ್ದಿಲ್ಲ, ಏನ ಹೇಳ್ಲಿ?"

ತಪ್ಪು ತಿದ್ದಲು ಅವನೇ ಮುಂದಾದ. ನಡೆಯುವುದನ್ನು ಕಲಿಸುವ ಮೇಡಂನ ಹಾಗೆ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ. ಒಲೆಯ ಕಟ್ಟೆಯೂ ಮಲಗುವ ನೆಲವೂ ಒಂದೇ ಮಟ್ಟ. ಮಕ್ಕಳು ಒಲೆಯ ಕಡೆ, ಮುದುಕರು ಅವರ ಹಿಂದೆ. ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದು ಅವ್ವನ ಬೆನ್ನು, ಅದರಾಚೆ ಬೆಂಕಿ. ಬೆನ್ನಿನ ಮಾತನ್ನು ಮಾತ್ರ ಎರಡು ಸಲ ಹೇಳಿದ. ಅಜ್ಜಿ ಎರಡು ಸಲ ಒಪ್ಪಿಸಿದಳು, ತಪ್ಪಿಲ್ಲದೆ.

ಅಜ್ಜಿ ಬರಲು ಒಪ್ಪಿದ್ದಳು. ಇಷ್ಟು ವರ್ಷ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ದಿನ ಭಾರವೇ ಎಂದಳು. ಯೋನ್‌ಸಿಲ್‌ಗೂ ಅದರಲ್ಲಿ ತಪ್ಪು ಕಾಣಲಿಲ್ಲ. ದಂತವೈದ್ಯರ ಮಗಳು ಗಾಂಗ್‌ವೊನ್‌ನವಳಾಗಬಹುದಾದರೆ ತಾನು ಬುಕ್‌ಚೋಂಗ್‌ನವಳಾಗಬಾರದೇಕೆ? ಅವಳಿಗೆ ಗಾಂಗ್‌ವೊನ್ ಗೊತ್ತಿದ್ದದ್ದಕ್ಕಿಂತ ತನಗೆ ಬುಕ್‌ಚೋಂಗ್ ಹೆಚ್ಚು ಗೊತ್ತು.

ಶನಿವಾರ ಇಬ್ಬರೂ ಸಿಯೋಲ್ ಬಸ್ಸು ಹತ್ತಿದರು. ಬಸ್ಸು ಯಾಂಗ್‌ಯಾಂಗ್ ದಾಟಿ ಘಟ್ಟ ಹತ್ತುವಂಥದ್ದು. ಅಜ್ಜಿ ಅಭ್ಯಾಸದಂತೆ ಎಡಗಡೆ ಕೂತಳು. ಯೋನ್‌ಸಿಲ್ ನಡುವಿನ ಹಾದಿ ದಾಟಿ ಬಲಗಡೆಯ ಕಿಟಕಿಗೆ ಕೂತಳು.

"ಯಾವ್ದಜ್ಜಿ? ಅಷ್ಟ ಹೇಳು."

ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಮೂರನೆಯ ಸಲ ಕೇಳಿದಾಗ, ಸೇತುವೆ ಆದ ಮೇಲೆ ಅಕ್ಕಿ ಗಿರಣಿ, ಗಿರಣಿಯ ಹಿಂದೆ ನಾಲ್ಕನೆಯ ಮನೆ, ಪರ್ಸಿಮನ್ ಹಣ್ಣಿನ ಮರ ಇರುವುದು ಅಂದಳು.

ಗಿರಣಿ ಇತ್ತು. ಹಿಂದಿನ ಮನೆಗಳಿಗೆ ಈಗ ನೀಲಿ ತಗಡು. ನಾಲ್ಕನೆಯದರ ಅಂಗಳದಲ್ಲಿ ಒಬ್ಬ ಗಂಡಸು ನೀರಿನ ಪಂಪು ಬಿಚ್ಚಿಟ್ಟುಕೊಂಡು ಕೂತಿದ್ದ. ಅವನ ತಲೆಯ ಮೇಲೆ ಹಳೆಯದೊಂದು ಮರ, ಆಗತಾನೆ ಚಿಗುರಿತ್ತು. ಎಲ್ಲ ಸೇರಿ ಹತ್ತು ಉಸಿರಿನಷ್ಟು ಹೊತ್ತು. ಆಮೇಲೆ ಬಸ್ಸು ತಿರುಗಿತು.

"ಗಿಡ ಐತಿ," ಎಂದಳು ಯೋನ್‌ಸಿಲ್.

ಅಜ್ಜಿ ಕಣ್ಣು ತೆರೆಯಲಿಲ್ಲ. ಘಟ್ಟದ ಅರ್ಧ ಏರಿದ ಮೇಲೆ ಕೇಳಿದಳು: "ಯಾವ ಕಡೆ ವಾಲೇತಿ?"

"ಎಡಕ್ಕ."

"ಬಾವಿ ಕಡೆ," ಎಂದಳು ಅಜ್ಜಿ. ಪಾಠ ಇನ್ನೊಮ್ಮೆ ಒಪ್ಪಿಸೋಣವೇ ಎಂದರೆ ಬೇಡ ಎಂದು ಕೈಯಾಡಿಸಿದಳು.

ಭಾನುವಾರ ಬೆಳಗಾಗುವ ಮೊದಲೇ ಮೇಡಂ ಯೋನ್‌ಸಿಲ್‌ಳ ಕೂದಲಿಗೆ ಕೈಹಚ್ಚಿದ್ದರು. ಅದನ್ನು ಸಿಂಹದ ಕೇಸರದ ಹಾಗೆ ಎತ್ತರಕ್ಕೆ ನಿಲ್ಲಿಸಲು ಎರಡು ಡಬ್ಬಿ ಸ್ಪ್ರೇ ಖಾಲಿಯಾಯಿತು. ಸಂಘದ ಕೋಣೆಯಲ್ಲಿ ಮುದುಕರು ಕೋಟು ಹಾಕಿ ಕೂತಿದ್ದರು. ತಟ್ಟೆಯಲ್ಲಿ ಪಟ್ಟಿ ಮಡಿಸಿಟ್ಟಿತ್ತು. ಟೋಪಿಯ ಕಥೆಯ ಮುದುಕ ಅಜ್ಜಿಯ ಎರಡೂ ಕೈ ಹಿಡಿದು, ತಂಗಿ, ಸಿಡಿಲು ಬಡಿದದ್ದು ಯಾವ ಮರಕ್ಕೆ ಎಂದು ಕೇಳಿದ. ಬಲಗಡೆಯದಕ್ಕೆ ಎಂದಳು ಅಜ್ಜಿ. ಅವನು ಗೆದ್ದವನಂತೆ ಎಲ್ಲರ ಕಡೆ ನೋಡಿದ.

ಅಜ್ಜಿ ಪಟ್ಟಿಯನ್ನು ತಟ್ಟೆಯಿಂದ ಎತ್ತಿಕೊಂಡಳು. ಯೋನ್‌ಸಿಲ್ ಭುಜ ಬಗ್ಗಿಸಿದಳು. ರೇಷ್ಮೆ ಕುತ್ತಿಗೆಗೆ ತಾಗಿತು, ತಣ್ಣಗಿತ್ತು.

"ಒಂದ ಮಾತು ಅಕ್ಕಾ," ಎಂದಳು ಗಿಲ್‌ನ್ಯೋ ತನ್ನ ಕುರ್ಚಿಯಿಂದ. ದನಿಯಲ್ಲಿ ಹಗೆಯಿರಲಿಲ್ಲ. ನೆರೆಮನೆಯವಳನ್ನು ವಿಚಾರಿಸುವ ಹಾಗಿತ್ತು. "ನಿಮ್ಮ ಮನ್ಯಾಗ ಬೆಳಗ ಮುಂಜಾನೆ ಕಣ್ಣ ಬಿಟ್ರ ಮೊದಲ ಏನ ಕಾಣತಿತ್ತು?"

ಯೋನ್‌ಸಿಲ್‌ಗೆ ನಿರಾಳವಾಯಿತು. ಬಾಯಿಪಾಠವಾಗಿದ್ದ ಪ್ರಶ್ನೆಯೇ ಬಂದಿತ್ತು. ಅವ್ವನ ಬೆನ್ನು, ಅದರಾಚೆ ಬೆಂಕಿ.

ಅಜ್ಜಿಯ ಕೈ ಪಟ್ಟಿಯ ಮೇಲೆ ನಿಂತಿತು. ಅವಳು ಗಿಲ್‌ನ್ಯೋಳನ್ನು ನೋಡಿದಳು.

"ಗೋಡೆ," ಎಂದಳು.

ದನಿ ಬೇರೆಯಾಗಿತ್ತು. ಅಜ್ಜಿಯ ಜೊತೆಯಲ್ಲೇ ಬೆಳೆದ ಯೋನ್‌ಸಿಲ್ ಆ ಮಾತಿನ ರಾಗವನ್ನು ಕೇಳಿಯೇ ಇರಲಿಲ್ಲ. ಜಾಂಗ್ ಅಬಾಯಿಯ ಉತ್ತರದ ಮಾತು ಅದರಲ್ಲಿ ಒಂದೆಳೆಯೂ ಉಳಿದಿರಲಿಲ್ಲ. ಯಾಂಗ್‌ಯಾಂಗ್ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಮಾತಾಡುತ್ತಿದ್ದಳು.

"ಮಣ್ಣಿನ ಗೋಡೆ. ನನ್ನ ಮುಖದ ನೇರಕ್ಕೆ ಒಂದು ಬಿರುಕಿತ್ತು, ಅದರೊಳಗಿಂದ ಒಲೆ ಬೆಳಕು ಕಾಣೋದು. ಅಮ್ಮ ಎದ್ದಳೋ ಇಲ್ಲವೋ ಅಂತ ಆ ಬಿರುಕಲ್ಲೇ ನೋಡ್ತಿದ್ದೆ. ಈ ಕಡೆ ಕಿಟಕಿ. ಕಿಟಕಿ ತೆಗೆದರೆ ಪರ್ಸಿಮನ್ ಮರ. ಬಾವಿ ಕಡೆ ವಾಲಿತ್ತು, ಹಣ್ಣೆಲ್ಲ ಬಾವಿಗೇ ಬೀಳೋವು."

ಜಿಲ್ಲಾಧಿಕಾರಿ ನಿಧಾನವಾಗಿ, ತನಗೆ ತಾನೇ ಎಂಬಂತೆ, ನಮ್ಮ ಕಡೆಯ ಚಳಿಗೆ ಪರ್ಸಿಮನ್ ಮರ ಬದುಕೂದಿಲ್ಲ ಎಂದರು. ಟೋಪಿಯ ಕಥೆಯ ಮುದುಕ ಅಜ್ಜಿಯ ಮುಖವನ್ನೇ ನೋಡುತ್ತಿದ್ದವನು ಎದ್ದು ನಕ್ಷೆಯ ಕಡೆ ತಿರುಗಿ ನಿಂತ. ಸಾಕ್ಷಿ ಹೇಳಿದ್ದು ಯಾರು ಎಂದು ಒಬ್ಬ ಕೇಳಿದ. ಅಜ್ಜಿ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ದೋಲ್ಗೋಲ್‌ನಿಂದ ಬಂದು ಸೋಕ್ಚೊದಲ್ಲಿ ಉಳಿದವನು ಒಬ್ಬನೇ.

ಗಿಲ್‌ನ್ಯೋ ಎದ್ದು ಬಂದು, ಯೋನ್‌ಸಿಲ್‌ಳ ಭುಜದ ಮೇಲೆ ಅರ್ಧ ಇಳಿದಿದ್ದ ಪಟ್ಟಿಯನ್ನು ತೆಗೆದು, ಮೊದಲಿನ ಮಡಿಕೆಯಲ್ಲೇ ಮಡಿಸಿ ತಟ್ಟೆಯಲ್ಲಿಟ್ಟಳು. ಕೂದಲಿಗೆ ತಾಗದಂತೆ ಎಚ್ಚರವಹಿಸಿದಳು. ಊಟದ ಹೊತ್ತಾಗಿದೆ, ನನ್ನ ಹೋಟೆಲಿಗೆ ಬಂದು ಉಂಡು ಹೋಗಿ ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ಬೇಡ ಅಂದಳು.

ಕೆಳಗೆ ಬ್ಯಾಂಕಿನ ಮುಂದೆ ಕಾಯುತ್ತಿದ್ದ ಮೇಡಂ, ಭುಜದ ಮೇಲೆ ಪಟ್ಟಿಯಿಲ್ಲದ್ದನ್ನು ಕಂಡು ಏನನ್ನೂ ಕೇಳಲಿಲ್ಲ. ಸೋತವರ ಮುಖ ಅವರಿಗೆ ಹೊಸದಲ್ಲ. ಪಾರ್ಲರಿನಲ್ಲಿರುವ ಬಟ್ಟೆಬರೆ ಯಾವಾಗ ಬೇಕಾದರೂ ಬಂದು ತಗೊಂಡು ಹೋಗು ಎಂದಷ್ಟೇ ಹೇಳಿ ಟ್ಯಾಕ್ಸಿ ಹತ್ತಿದರು.

ಯೋನ್‌ಸಿಲ್‌ಗೆ ಸಿಟ್ಟು ಬಂದಿತ್ತು. ಬಸ್ ನಿಲ್ದಾಣದವರೆಗೆ ಅಜ್ಜಿಗಿಂತ ಮುಂದೆ ನಡೆದಳು. ಬೀದಿಯ ಜನ ಅವಳ ಕೂದಲು ನೋಡಿ ದಾರಿ ಬಿಡುತ್ತಿದ್ದರು. ಟಿಕೇಟು ತೆಗೆದು ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು:

"ಬಾಯಿ ತಪ್ಪಿ ಬಂತೇನ?"

"ಇಲ್ಲ ಮಗಾ," ಎಂದಳು ಅಜ್ಜಿ, ಆ ಹೊಸ ರಾಗದಲ್ಲೇ. "ನಿಮ್ಮ ಮನೇಲಿ ಅಂತ ಕೇಳಿದ್ಲು. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ. ನಿನ್ನ ಪಟ್ಟಿ ಹೋಯ್ತು, ಗೊತ್ತು. ಬೈಯೋದಿದ್ರೆ ಬೈ."

ಯೋನ್‌ಸಿಲ್ ಬೈಯಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು. ಬಾವಿಗೆ ಬಿದ್ದ ಹಣ್ಣನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಅಜ್ಜಿ ಹೇಳತೊಡಗಿದಳು. ಬಸ್ಸು ಬಂದಾಗ ಇಬ್ಬರೂ ಒಂದೇ ಬದಿಗೆ, ಊರು ಕಾಣುವ ಕಡೆ ಕೂತರು.

ಮೇ ತಿಂಗಳಲ್ಲಿ ಬುಸಾನ್ ಹುಡುಗಿ ಆ ಪಟ್ಟಿ ಹಾಕಿಕೊಂಡು ಟಿವಿಯಲ್ಲಿ ನಡೆದಳು. ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಯೋನ್‌ಸಿಲ್ ಅದನ್ನು ಮೀನಿನ ಶೆಡ್ಡಿನಲ್ಲಿ, ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡು ನೋಡಿದಳು. ಜಾಂಗ್ ಅಬಾಯಿ ಸಂಜೆ ಬಲೆ ತಗೊಂಡು ಬರುತ್ತಿದ್ದ. ಆದರೆ ದೋಲ್ಗೋಲ್ ಸುದ್ದಿ ಎತ್ತುತ್ತಿರಲಿಲ್ಲ. ಬೇರೆ ಊರಿನ ಹೆಂಗಸಿನ ಎದುರು ಅದನ್ನು ಹೇಗೆ ಹೇಳುವುದು ಎಂದು ಅವನಿಗೆ ತೋಚುತ್ತಿರಲಿಲ್ಲ.

ಒಟ್ಟು ಹೋದದ್ದು ಇಷ್ಟು: ಒಂದು ರೇಷ್ಮೆ ಪಟ್ಟಿ, ವೇದಿಕೆಯ ಮೇಲೆ ಒಂದು ಜಾಗ, ಸಿಯೋಲ್‌ನಲ್ಲಿ ಒಂದು ಕೆಲಸ, ಸಂಘದ ವರ್ಷದ ಕೂಟಕ್ಕೆ ಜಾಂಗ್ ಅಬಾಯಿಗೆ ಬರುತ್ತಿದ್ದ ಕರೆ, ಮತ್ತು ಎರಡು ಪಾಪ್ಲರ್ ಮರ, ಒಂದು ಶಾಲೆ, ಒಂದು ಹೋರಿ ಇದ್ದ ಒಂದು ಊರು.